ಅರ್ಧಕ್ಕೆ ನಿಂತ ಇಕ್ಕಳ

ಪತ್ರಿಕೆಯ ಕೆಲಸಕ್ಕೆ ಸೇರಿದ ಮೇಲೆ ಒಂದು ಸುದ್ದಿಯನ್ನು ಅನುವಾದಿಸುವಾಗ ‘ಕ್ಯಾಸ್ಟ್ರೇಷನ್’ ಎಂಬ ಪದ ಎದುರಾಯಿತು. ನಿಘಂಟು ತೆಗೆದೆ. ಲ್ಯಾಟಿನ್ ಮೂಲದ್ದು, ಕತ್ತರಿಸು ಎಂಬರ್ಥದ ಧಾತುವಿನಿಂದ ಬಂದಿರಬಹುದು, ನಮ್ಮ ‘ಶಸ್ತ್ರ’ಕ್ಕೂ ಅದಕ್ಕೂ ನಂಟಿರಬಹುದು ಎಂದಿತ್ತು. ಚಿಕ್ಕಂದಿನಲ್ಲಿ ನಾನು ಕಂಡದ್ದರಲ್ಲಿ ಕತ್ತಿ ಇರಲಿಲ್ಲ, ರಕ್ತವೂ ಇರಲಿಲ್ಲ.

ಐವತ್ತರ ದಶಕದ ಕೊನೆ. ನಮ್ಮದು ಬಂಗಾರಪೇಟೆ ಪಕ್ಕದ ಹಳ್ಳಿ. ಅಪ್ಪ ರೈಲಿನಲ್ಲಿ ಚಿನ್ನದ ಗಣಿಗೆ ಹೋಗಿಬರುತ್ತಿದ್ದರು. ನೊಗಕ್ಕೆ ಜೋಡಿ ಬೇಕಾಗಿ, ಮನೆಯ ಹೋರಿಯ ಬೀಜ ಒಡೆಸಲು ದನದ ಡಾಕ್ಟರನ್ನು ಕರೆಸಿದರು. ಮನೆಯಲ್ಲಿ ಆ ಮಾತನ್ನು ಯಾರೂ ನೇರವಾಗಿ ಆಡುತ್ತಿರಲಿಲ್ಲ. ‘ಎತ್ತು ಮಾಡಿಸೋದು’ ಎನ್ನುತ್ತಿದ್ದರು.

ಹೋರಿಯನ್ನು ಕೆಡವಿ ನಾಲ್ವರು ಹಗ್ಗ ಹಿಡಿದಿದ್ದರು. ಡಾಕ್ಟರು ಉದ್ದ ಹಿಡಿಯ ಇಕ್ಕಳದಿಂದ, ಚರ್ಮ ಹರಿಯದಂತೆ, ಎಡಗಡೆಯ ನರವನ್ನು ಅಮುಕಿ ಮುಗಿಸಿದರು. ಕಾಮಸಮುದ್ರದ ಮಗಳ ಮನೆಗೆ ಹೋಗಿದ್ದ ಅಜ್ಜಿ ಅಷ್ಟರಲ್ಲಿ ಅಂಗಳಕ್ಕೆ ಬಂದರು. ಅವರು ಬರಬೇಕಾಗಿದ್ದುದು ಮರುದಿನ.

“ನಿಲ್ಸಪ್ಪ. ಅದು ದ್ಯಾವ್ರುದು. ಗಣೀಲಿ ನಿನ್ ಮೇಲೆ ಕಲ್ ಬಿದ್ದು ಆಸ್ಪತ್ರೇಲಿದ್ದಾಗ ಅರಕೆ ಒತ್ತಿದ್ದೆ.”

ಅಪ್ಪ ಬದುಕಿ ಬಂದರೆ ಆಗಷ್ಟೇ ಹುಟ್ಟಿದ್ದ ಕರುವನ್ನು ದೇವರ ಬಸವನಾಗಿ ಬಿಡುವುದು ಆ ಹರಕೆ. ತೀರಿಸುವ ಮೊದಲು ಬಾಯಿಬಿಟ್ಟರೆ ಫಲಿಸದು ಎಂದು ಅಜ್ಜಿ ಎರಡು ವರ್ಷ ಸುಮ್ಮನಿದ್ದರು.

ಇನ್ನೊಂದು ಕಡೆ ಹಾಗೇ ಬಿಟ್ಟರೆ ಏನಾಗುತ್ತದೆ ಎಂದು ಅಪ್ಪ ಡಾಕ್ಟರನ್ನು ಕೇಳಿದರು. ಆಗಲೂ ಅದು ಹೋರಿಯೇ, ನೊಗಕ್ಕೆ ಬಗ್ಗುವುದು ಕಷ್ಟ ಎಂದರು ಅವರು.

ಹಗ್ಗ ಹಿಡಿದವನೊಬ್ಬ, “ಅರ್ಧ ದ್ಯಾವ್ರಿಗೆ, ಅರ್ಧ ನೇಗ್ಲಿಗೆ ಬಿಡಣ್ಣೋ” ಅಂದ. ಕೆಳಗಿದ್ದ ಹೋರಿ ಒದ್ದಾಡುತ್ತಿತ್ತು, ಹಗ್ಗ ಬಿಗಿಯುತ್ತಿತ್ತು. ಡಾಕ್ಟರು ಬೇಗ ಹೇಳಿ ಎಂದರು.

ಅಪ್ಪ ಅಜ್ಜಿಯತ್ತ ನೋಡಿದರು. “ನೀನೇ ಯೋಳಮ್ಮ.”

ಅಜ್ಜಿ ಹೋರಿಯ ತಲೆಯ ಬಳಿ ಕುಳಿತರು. ಅದರ ಹಣೆ ಸವರಿ ಡಾಕ್ಟರತ್ತ ತಿರುಗಿದರು.

“ಊನ ಆಗಿರೋದ್ನ ದ್ಯಾವ್ರಿಗೆಂಗ್ ಕೊಡ್ಲಿ? ಮುಗ್ಸಿ.”

ಇಕ್ಕಳ ಎರಡನೆಯ ಸಲ ಮುಚ್ಚಿತು.

ಮರುದಿನ ಅಪ್ಪ ಎಂದಿನಂತೆ ಗಣಿಗೆ ಹೋದರು. ಅವರು ಮರಳಿ ಬರುವವರೆಗೆ ಅಜ್ಜಿ ಬಾಯಿಗೆ ನೀರು ಹಾಕಲಿಲ್ಲ. ಅದರ ಮರುದಿನವೂ ಹಾಕಲಿಲ್ಲ. ಅಪ್ಪ ಗಣಿಯ ಕೆಲಸ ಬಿಡುವವರೆಗೂ ಹಾಗೇ ನಡೆಯಿತು.