ಚಾವಣಿಯಿಲ್ಲದ ಜೀಪಿನ ಅಂಕಲ್

ಯಾದವಗಿರಿಯಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್‌ಗೆ ನಾಲ್ವರು ಹೆಣ್ಣುಮಕ್ಕಳು. ಆದರೂ ಅವರು ಮನೆಗೆ ತಂದದ್ದು ಚಾವಣಿಯಿಲ್ಲದ, ಬಾಗಿಲೂ ಇಲ್ಲದ ಒಂದು ಹಳೇ ಜೀಪು. ಆ ಹುಡುಗಿಯರ ಜೊತೆ ನಾನೂ ಅದರಲ್ಲೇ ಸ್ಕೂಲಿಗೆ ಹೋಗುತ್ತಿದ್ದೆ. ಮಳೆ ಬಂದರೆ ಎಲ್ಲರೂ ಜೀಪಿನೊಳಗೇ ಕೊಡೆ ಬಿಚ್ಚಿ ಕೂರುತ್ತಿದ್ದೆವು. ಯಾರಾದರೂ ಒಳ್ಳೆಯ ಕಾರು ಕೊಳ್ಳಬಾರದೇ ಎಂದರೆ ಅಂಕಲ್ ಸ್ಟಿಯರಿಂಗ್ ತಟ್ಟಿ, “ಗಾಳಿ ನೋಡ್ರೀ, ಗಾಳಿ!” ಎನ್ನುತ್ತಿದ್ದರು. ಅಮ್ಮ ಮಾತ್ರ ಒಮ್ಮೆಯೂ ಅದನ್ನು ಹತ್ತಿದವಳಲ್ಲ.

ಎಷ್ಟೋ ವರ್ಷಗಳ ಮೇಲೆ, ಹೆರಿಗೆಯಾಗಿ ನಾನು ಆಸ್ಪತ್ರೆಯಿಂದ ತವರಿಗೆ ಹೊರಟ ದಿನ, ಹೇಳಿದ್ದ ಟ್ಯಾಕ್ಸಿ ಬರಲೇ ಇಲ್ಲ. ಮಗು ನೋಡಲು ಬಂದಿದ್ದ ಅಂಕಲ್, ಅದೇ ಜೀಪನ್ನು ಬಾಗಿಲ ಬಳಿಗೇ ತಂದು ನಿಲ್ಲಿಸಿದರು.

“ಹಸುಗೂಸು ಕಣಣ್ಣಾ, ಇದ್ರಲ್ಲಿ ಎಂಗೆ?” ಎಂದು ಅಮ್ಮ ಗಾಬರಿಯಾದಳು.

“ಹತ್ತಮ್ಮ, ನಡ್ಕೊಂಡು ಹೋದಂಗೆ ಹೋಗ್ತೀನಿ.”

ಅಮ್ಮ ಮಗುವಿಗೆ ಶಾಲು ಸುತ್ತಿ, ಸೆರಗನ್ನು ಅಡ್ಡ ಹಿಡಿದು ಹತ್ತಿದಳು. ಅಂಕಲ್ ಎಷ್ಟು ನಿಧಾನ ಓಡಿಸಿದರೆಂದರೆ ಸೈಕಲ್ಲುಗಳೂ ನಮ್ಮನ್ನು ದಾಟಿಹೋದವು. ಬೆಳಗಿನಿಂದ ಅಳುತ್ತಿದ್ದ ಮಗು ಆ ಕುಲುಕಾಟಕ್ಕೆ ನಿದ್ದೆಹೋಯಿತು. ಸಿಗ್ನಲ್ಲಿನಲ್ಲಿ ಹೂ ಮಾರುವವಳೊಬ್ಬಳು ಬಗ್ಗಿ, “ಗಂಡಾ, ಹೆಣ್ಣಾ?” ಎಂದು ಕೇಳಿದಳು.

“ಹೆಣ್ಣು ಕಣಮ್ಮ!” ಅಮ್ಮ ಸೆರಗು ಸರಿಸಿ ತೋರಿಸಿದಳು. ಪಕ್ಕದ ಬಸ್ಸಿನ ಕಿಟಕಿಗಳಿಂದಲೂ ತಲೆಗಳು ಹೊರಬಂದವು.

ಮನೆಯ ಮುಂದೆ ಎಂಜಿನ್ ನಿಂತದ್ದೇ ತಡ, ಮಗು ಕಿಟಾರನೆ ಕಿರುಚಿತು. ಪಕ್ಕದ ಮನೆಯಿಂದ ಅಂಕಲ್ ಹೆಂಡತಿ, ಆಂಟಿ, ಆರತಿ ತಟ್ಟೆ ಹಿಡಿದು ಬಂದರು. ನಾನು ಇಳಿಯಲು ಹೊರಟರೆ ಅಮ್ಮ ನನ್ನ ಕೈ ಹಿಡಿದು ಕೂರಿಸಿದಳು.

“ಅಣ್ಣಾ, ಇನ್ನೊಂದು ರೌಂಡ್ ಹೋಗ್ಬುಟ್ಟು ಬರಣ.”