ದೋಣಿಯಲ್ಲಿ ನಿಂತ ಬೀಗರು

ಆಣೆಕಟ್ಟಿನ ನೀರು ನಿಂತು ನಮ್ಮ ಹೊಳೆ ಬೇಸಿಗೆಯಲ್ಲೂ ತುಂಬಿರತೊಡಗಿದ್ದ, ಸೇತುವೆ ಮಾತ್ರ ಇನ್ನೂ ಬರದಿದ್ದ ದಿನಗಳವು. ಬನಹಟ್ಟಿಯ ಪೇಟೆಗೆ ದೋಣಿಯೇ ಗತಿ. ಅದರಲ್ಲಿ ಮನುಷ್ಯರು, ಆಡುಗಳು, ಸೈಕಲ್ಲುಗಳು ಎಲ್ಲ ಒಂದೇ. ಗಂಡಿನ ಕಡೆಯ ಬೀಗರು ಮಾತ್ರ ಬೇರೆ.

ಅಕ್ಕನ ಲಗ್ನದ ಜವಳಿ ತೆಗೆದು ತಿರುಗಿ ಬರುತ್ತಿದ್ದೆವು. ಅವಳ ಮಾವನಾಗುವ ತೇರದಾಳದ ಬೀಗರೂ ನಮ್ಮಲ್ಲಿ ಊಟಕ್ಕೆಂದು ಜೊತೆಗಿದ್ದರು. ನನ್ನ ಮಡಿಲಲ್ಲಿ ಹೊಸ ಸೀರೆಗಳ ಗಂಜಿ ವಾಸನೆ, ಬಿಸಿ ಮಿರ್ಚಿ ಭಜಿಯ ವಾಸನೆ. ನಡು ಹೊಳೆಗೆ ಬಂದಾಗ ಮೋಡ ಕವಿದು ಗುಡುಗಿ ಮಳೆ ಸುರಿಯತೊಡಗಿತು. ಎಲ್ಲರೂ ದೋಣಿಯ ತಳಕ್ಕೆ ಕೂರಬೇಕು, ಕೊಡೆ ಬಿಚ್ಚಬಾರದು ಎಂದು ಅಂಬಿಗ ಕೂಗಿದ. ತಳದಲ್ಲಿ ಮಳೆನೀರು, ಆಡಿನ ಹಿಕ್ಕೆ. ಹೆಂಗಸರು, ಮಕ್ಕಳು ಅದರಲ್ಲೇ ಕೂತೆವು.

ಬೀಗರು ನಿಂತಿರುವಾಗ ಹೆಣ್ಣಿನ ತಂದೆ ಕೂರಬಾರದು, ಅವರನ್ನು ಬರಿ ನೆಲಕ್ಕೆ ಕೂರಿಸಲೂಬಾರದು ಎಂಬುದು ನಮ್ಮ ಕಡೆಯ ರಿವಾಜು. ಬೀಗರು ಕೊಡೆ ಬಿಚ್ಚಿ ನೆಟ್ಟಗೆ ನಿಂತರು. ಅಪ್ಪ ಪಕ್ಕದಲ್ಲಿ ಕೈಕಟ್ಟಿ ನಿಂತ. ನೀವು ಕುಂದರ್ರಿ, ಇಲ್ಲ ನೀವ ಮೊದಲ ಕುಂದರ್ರಿ ಎಂದು ಮನೆಯ ಕಟ್ಟೆಯ ಮೇಲೆ ಆಡುವ ಉಪಚಾರವನ್ನೇ ಇಬ್ಬರೂ ಸಿಡಿಲಿನ ಕೆಳಗೆ ನಡೆಸಿದರು. ಎಂಥ ಮಾನವಂತರು! ಇಸ್ತ್ರಿ ಧೋತರಕ್ಕೆ ಹಿಕ್ಕೆ ಹತ್ತಬಾರದೆಂದು ಒಂದು ದೋಣಿ ಜನರನ್ನೇ ಸಾಯಿಸಲು ತಯಾರಿದ್ದರು. ಆಚೆ ದಂಡೆಯ ಜಾಲಿಗಿಡಕ್ಕೆ ಸಿಡಿಲು ಬಡಿಯಿತು. ಅವ್ವ ಸಿಡಿಲು ದೂರ ಹೋಗಲೆಂದು 'ಅರ್ಜುನ, ಅರ್ಜುನ' ಎನ್ನುತ್ತ ನನ್ನನ್ನು ಸೆರಗಿನೊಳಗೆ ಎಳೆದುಕೊಂಡಳು. ಮುಂದಿನದು ಅಪ್ಪನ ಮೇಲೆಯೇ ಎಂದು ನಾನು ಅಳತೊಡಗಿದೆ.

ಬೀಗರೆದುರು ಅಲ್ಲಿಯವರೆಗೆ ತಲೆಯೆತ್ತದಿದ್ದ ಅಕ್ಕ ಎದ್ದು ಕೊಡೆ ಕಸಿದು ಮುಚ್ಚಿದಳು.

"ಕುಂದರ್ರಿ ಮಾವಾರ. ನಿಮ್ಮ ಸಲುವಾಗಿ ನಮ್ಮಪ್ಪ ಸಾಯಾಕ ನಿಂತಾನ."

ಬೀಗರು ಹಿಕ್ಕೆಯ ಮೇಲೆ ಕೂತರು. ಅಪ್ಪನೂ ಕೂತ. ಎಲ್ಲರೂ ಜೀವಂತವಾಗಿ ದಂಡೆ ಮುಟ್ಟಿದೆವು.

ಇಳಿದ ಕೂಡಲೇ ಅಪ್ಪ ಮಾಡಿದ ಮೊದಲ ಕೆಲಸವೆಂದರೆ, ಅದೇ ಕೆಸರಿನಲ್ಲಿ ಅಕ್ಕನನ್ನು ಬೀಗರ ಕಾಲಿಗೆ ಬೀಳಿಸಿದ್ದು. ಅವರು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರಂತೆ. ಲಗ್ನವಾಯಿತು.

ಈಗ ಸೇತುವೆಯಾಗಿದೆ. ದೋಣಿ ದಂಡೆಯಲ್ಲಿ ಬೋರಲು ಬಿದ್ದು ಗೆದ್ದಲು ಹಿಡಿದಿದೆ, ಪೇಟೆಯ ಭಜಿಗೆ ಆ ರುಚಿಯೂ ಇಲ್ಲ. ಅವು ಹೋದದ್ದಕ್ಕೆ ನನಗೆ ದುಃಖವಿಲ್ಲ. ತೇರದಾಳಕ್ಕೆ ಹೋದಾಗಲೆಲ್ಲ ಆ ಮಾವನವರು ಕುರ್ಚಿಯಲ್ಲಿ ಕೂತಿರುತ್ತಾರೆ, ಅಕ್ಕ ಬಾಗಿಲ ಹಿಂದೆ ನಿಂತಿರುತ್ತಾಳೆ. ನಡು ಹೊಳೆಯಲ್ಲಿ ಕೇಳಿದ ಅವಳ ಆ ದನಿ ಆ ಮನೆಯಲ್ಲಿ ನನಗೆ ಒಮ್ಮೆಯೂ ಕೇಳಿಸಿಲ್ಲ.