ತೊಟ್ಟಿಲೊಳಗಿನ ಗುಂಡುಕಲ್ಲು

1999ರಲ್ಲಿ ನಾನು ಹೊಸದುರ್ಗದಲ್ಲಿ ಬಾಡಿಗೆ ವ್ಯಾನು ಓಡಿಸುತ್ತಿದ್ದೆ. ಸಾಮಾನು ತುಂಬುವಾಗ ಜಗಳಕ್ಕೆ ನಿಲ್ಲುವವನೆಂದು ಸ್ಟ್ಯಾಂಡಿನಲ್ಲಿ ನನಗೆ ಹೆಸರಿತ್ತು. ಭಾರದ ಸಾಮಾನು ಗಾಡಿಯ ನೆಲದ ಮೇಲೆ, ಸೀಟಿಗೆ ಒತ್ತಿಕೊಂಡಿರಬೇಕು. ಸೀಟಿನ ಬೆನ್ನಿಗಿಂತ ಎತ್ತರದಲ್ಲಿ ಬಿಡಿ ವಸ್ತು ಇರಕೂಡದು. ಬ್ರೇಕ್ ಹಾಕಿದರೆ ನಿಲ್ಲುವುದು ಗಾಡಿ ಮಾತ್ರ, ಒಳಗಿನ ಸಾಮಾನು ಅದೇ ವೇಗದಲ್ಲಿ ಮುಂದಕ್ಕೆ ಬರುತ್ತದೆ.

ಆ ಬೇಸಿಗೆಯಲ್ಲಿ ಹಾಲುರಾಮೇಶ್ವರದ ಹತ್ತಿರದ ಹಳ್ಳಿಯಿಂದ ರತ್ನ ಎಂಬ ಬಾಣಂತಿಯನ್ನೂ ಐದು ತಿಂಗಳ ಕೂಸನ್ನೂ ಹಿರಿಯೂರಿನ ಗಂಡನ ಮನೆಗೆ ಬಿಡಬೇಕಿತ್ತು. ಜೊತೆಗೆ ಆಕೆಯ ತಾಯಿ ಲಕ್ಕಮ್ಮ. ಅವರು ಕೂತ ಸೀಟಿನ ಹಿಂದೆ ಪಾತ್ರೆಗಳು, ಅವುಗಳ ಮೇಲೆ ಮರದ ತೊಟ್ಟಿಲು, ಅದರೊಳಗೆ ಗುಂಡುಕಲ್ಲು. ನಾಮಕರಣದ ದಿನ ಕೂಸಿಗಿಂತ ಮೊದಲು ಈ ಕಲ್ಲನ್ನು ಮಲಗಿಸಿ ತೂಗುವುದು ನಮ್ಮ ಕಡೆಯ ಪದ್ಧತಿ.

"ಅಮ್ಮ, ಆ ಕಲ್ಲು ತೆಗೀರಿ," ಎಂದೆ.

"ಬರೀ ತೊಟ್ಟಿಲು ಊರು ದಾಟಬಾರ್ದು ಕಣಪ್ಪ," ಎಂದರು ಲಕ್ಕಮ್ಮ.

ಬದಲಿಗೆ ಬಟ್ಟೆಯಲ್ಲಿ ಕಟ್ಟಿದ ಅಕ್ಕಿ ಇಡಿಸಿ, ಕಲ್ಲನ್ನು ಜಗಲಿಗೆ ಹಾಕಿ, ತೊಟ್ಟಿಲನ್ನು ಹಗ್ಗದಿಂದ ಬಿಗಿದೆ. ನಾನು ಟೈರು ನೋಡಿಕೊಂಡು ಬರುವಷ್ಟರಲ್ಲಿ ಲಕ್ಕಮ್ಮ ಕಲ್ಲನ್ನು ಮತ್ತೆ ತೊಟ್ಟಿಲಿಗೆ ಸೇರಿಸಿ ಕೌದಿ ಮುಚ್ಚಿದ್ದು ನನಗೆ ತಿಳಿಯಲಿಲ್ಲ.

ಹಿರಿಯೂರು ಇನ್ನೂ ದೂರವಿತ್ತು. ತಿರುವಿನಲ್ಲಿ ಕುರಿಹಿಂಡು ರಸ್ತೆಗೆ ನುಗ್ಗಿತು. ಬ್ರೇಕ್ ತುಳಿದೆ. ಹಿಂದಿನಿಂದ ಧಡ್ಡೆಂಬ ಸದ್ದು, ರತ್ನಳ ಒಂದೇ ಒಂದು ಕೂಗು. ಕಲ್ಲು ಆಕೆಯ ಕಿವಿಯ ಹಿಂಭಾಗ ಸವರಿ ಭುಜಕ್ಕೆ ಬಡಿದಿತ್ತು. ಮಡಿಲಲ್ಲಿದ್ದ ಕೂಸಿನ ಮೈಯೆಲ್ಲ ರಕ್ತ. ಲಕ್ಕಮ್ಮ ಕೂಸನ್ನು ತಡಕಿ ನೋಡಿದರು. ಅದಕ್ಕೆ ಗಾಯವಿರಲಿಲ್ಲ, ರಕ್ತ ತಾಯಿಯದು. ರತ್ನ ಕಣ್ಣು ಮುಚ್ಚಿದ್ದಳು.

"ಮೊದಲ್ನೇ ಎರಡು ಕೂಸೂ ಉಳೀಲಿಲ್ಲಪ್ಪ. ಇದಾದ್ರೂ ಉಳೀಲಿ ಅಂತ ಕಲ್ಲು ಇಟ್ಟೆ. ಮಗಳ್ನೇ ಕೊಂದ್ಬಿಟ್ನಲ್ಲ!" ಎಂದು ಲಕ್ಕಮ್ಮ ಎದೆ ಬಡಿದುಕೊಂಡರು.

"ಅವಳ್ನ ಮಾತಾಡಿಸ್ತಾ ಇರ್ರಿ!" ಎಂದು ಕಿರುಚಿ ಗಾಡಿ ಓಡಿಸಿದೆ. ಜೋರಾಗಿ ಹೋದರೆ ಗುಂಡಿಗಳ ಕುಲುಕಿಗೆ ಆಕೆ ನರಳುತ್ತಿದ್ದಳು. ನಿಧಾನ ಮಾಡಿದರೆ ನರಳುವುದೂ ನಿಂತುಹೋಗುತ್ತಿತ್ತು. ನನಗೆ ಅದೇ ಹೆಚ್ಚು ಭಯ.

ಸಂಜೆ ಹಿರಿಯೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಜೀವಕ್ಕೆ ತೊಂದರೆಯಿಲ್ಲ ಎಂದರು. ಭುಜದ ಮೂಳೆ ಮುರಿದಿತ್ತು. ಬಲಗೈ ಮೊದಲಿನಂತಾಗುತ್ತದೆಂದು ಮಾತು ಕೊಡಲಿಲ್ಲ. ಲಕ್ಕಮ್ಮ ವಾರ್ಡಿನ ಹೊರಗೇ ಕುಸಿದು ಕುಳಿತರು. ಕಲ್ಲಿಟ್ಟ ಈ ಕೈಯಲ್ಲಿ ಇನ್ನು ಕೂಸನ್ನು ಮುಟ್ಟುವುದಿಲ್ಲವೆಂದು ಹಟ.

"ಅಮ್ಮ, ಕೂಸು ಹಸ್ದು ಅಳ್ತಾ ಐತೆ. ಅವಳಿಗೆ ಕೈ ಎತ್ತಾಕಾಗಲ್ಲ. ನೀವೇ ಕೂಸ್ನ ಅವಳ ಎದೆಗೆ ಹಿಡೀಬೇಕು, ಏಳ್ರಿ," ಎಂದೆ.

ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು.

ಆಮೇಲೂ ಎಷ್ಟೋ ಬಾಣಂತಿಯರನ್ನು ಗಂಡನ ಮನೆಗೆ ಮುಟ್ಟಿಸಿದೆ. ತೊಟ್ಟಿಲಲ್ಲಿ ಕಲ್ಲು ಕಂಡರೆ ತೆಗೆಯಿರಿ ಎಂದು ಗದರುವುದನ್ನು ಬಿಟ್ಟು, ಅದು ಯಾಕೆ ಬೇಕೆಂದು ಕೇಳುತ್ತಿದ್ದೆ. ಬೇಕೇ ಬೇಕೆಂದರೆ ಗೋಣಿಯಲ್ಲಿ ಸುತ್ತಿ ನಾನೇ ಗಾಡಿಯ ನೆಲಕ್ಕೆ ಬಿಗಿಯುತ್ತಿದ್ದೆ. ಹೆದರಿದವರು ಸಾಮಾನು ಬಿಟ್ಟು ಬರುವುದಿಲ್ಲ, ಬಚ್ಚಿಟ್ಟು ತರುತ್ತಾರೆ.